ಹೊಸ್ತಿಲು ಎಷ್ಟು ಎತ್ತರ ಇರಬೇಕು? ನಮ್ಮ ಬಾಲ್ಕನಿಯಿಂದ ಗಂಡಿಪೇಟೆವರೆಗೆ

ಇವತ್ತಿನ ಮಾತು ಬರೀ ಒಂದು ಇಂಚಿನ ಬಗ್ಗೆ. ನಗಬೇಡಿ. ಆ ಒಂದು ಇಂಚನ್ನ ತೆಗೆಸಿದ್ದಕ್ಕೆ ನಮ್ಮ ಅವ್ವನ ಕೈ ಮುರೀತು. ಅದೇ ಒಂದು ಇಂಚನ್ನ ಅರ್ಥ ಮಾಡ್ಕೊಳ್ಳೋಕೆ ಹೋಗಿ ನಾನು 1908ರ ಹೈದರಾಬಾದಿನವರೆಗೆ ಹೋಗಿ ಬಂದೆ. ಅದನ್ನೇ ಇವತ್ತು ಹೇಳ್ತೀನಿ.

ನಾನು ಕಲಬುರಗಿ ಕಡೆಯವನು. ಎಂಟೆಕ್ ಮುಗಿಸಿ ಹೈದರಾಬಾದಿಗೆ ಬಂದು ಹತ್ತು ವರ್ಷ ದಾಟಿತು. ಊರಿನ ಪಶ್ಚಿಮದಲ್ಲಿ, ಎಲ್ಲಾ ಐಟಿಯವರು ಇರೋ ಕಡೆ, ಒಂಬತ್ತನೇ ಮಹಡಿಯಲ್ಲಿ ಒಂದು ಹಳೇ ಫ್ಲ್ಯಾಟ್ ತಗೊಂಡೆ. ಹಾಲ್‌ಗೂ ಬಾಲ್ಕನಿಗೂ ನಡುವೆ ಎರಡು ಪಟ್ಟಿಯ ಜಾರುಬಾಗಿಲಿತ್ತು. ಅದನ್ನ ತೆಗೆಸಿ, ನಾಲ್ಕು ಪಟ್ಟಿಯ, ಪುಸ್ತಕದ ಹಾಗೆ ಮಡಚಿ ಗೋಡೆಗೆ ಒರಗಿಸೋ ಗಾಜಿನ ಬಾಗಿಲು ಹಾಕಿಸೋಣ ಅಂತ ಹೊರಟೆ. ಆಗ ಬಾಗಿಲು ಮಾಡೋರು ಕೇಳಿದ ಮೊದಲ ಪ್ರಶ್ನೆ ಗಾಜಿನದ್ದಲ್ಲ, ಬಣ್ಣದ್ದಲ್ಲ. "ಸಾರ್, ಕೆಳಗೆ ಹೊಸ್ತಿಲು ಯಾವುದು ಬೇಕು? ಎತ್ತರದ್ದಾ, ನೆಲಕ್ಕೆ ಸಮವಾಗಿರೋದಾ?"

ಅವ್ವನಿಗೆ ಆಗಷ್ಟೇ ಮೊಣಕಾಲಿನ ಆಪರೇಷನ್ ಆಗಿತ್ತು. ವಾಕರ್ ಹಿಡಿದು ನಡೀತಿದ್ದರು. ಒಂದು ಇಂಚಿನ ಅಡ್ಡಪಟ್ಟಿ ಇದ್ದರೆ ವಾಕರ್ ತಗುಲಿ ಮುಗ್ಗರಿಸ್ತಾರೆ ಅಂತ ನಾನು ಯೋಚನೆ ಮಾಡದೆ ಹೇಳಿಬಿಟ್ಟೆ: "ನೆಲಕ್ಕೆ ಸಮ."

ಅವ್ವ ಮಾತ್ರ ಬಾಗಿಲು ನೋಡಿ ಕೇಳಿದ್ದು ಒಂದೇ ಮಾತು: "ಹೊಸ್ತಿಲಿಲ್ಲದ ಬಾಗಲಿಗಿ ಪೂಜಿ ಎಲ್ಲಿ ಮಾಡಬೇಕೋ ತಮ್ಮಾ?" ಇದು ಬಾಲ್ಕನಿ ಬಾಗಿಲು ಅವ್ವಾ, ತಲಬಾಗಿಲಲ್ಲ ಅಂದೆ. ಸುಮ್ಮನಾದರು.

ಜೂನ್ ಬಂತು. ಮೊದಲ ದೊಡ್ಡ ಮಳೆ ಪಶ್ಚಿಮದ ಗಾಳಿಯ ಜೊತೆಗೇ ಬಂತು. ಬೆಳಿಗ್ಗೆ ಐದಕ್ಕೆ ಅವ್ವ ಎದ್ದು ಹಾಲ್‌ಗೆ ಬಂದರೆ ನೆಲದ ಮೇಲೆ ತೆಳ್ಳಗೆ ನೀರು. ಕತ್ತಲಲ್ಲಿ ಕಾಣಲಿಲ್ಲ. ಮುಗ್ಗರಿಸಬಾರದು ಅಂತ ನಾನು ಹೊಸ್ತಿಲು ತೆಗೆಸಿದ್ದೆ. ಹೊಸ್ತಿಲಿಲ್ಲದ್ದಕ್ಕೇ ಒಳಗೆ ಬಂದ ನೀರಲ್ಲಿ ಅವರು ಜಾರಿ ಬಿದ್ದರು. ಎಡಗೈ ಮಣಿಕಟ್ಟು, ಆರು ವಾರ ಪ್ಲಾಸ್ಟರ್.

ಬಾಗಿಲು ಹಾಕಿದವರದ್ದು ತಪ್ಪಲ್ಲ. ಅವರು ಕೇಳಿದ್ದರು, ಉತ್ತರ ಕೊಟ್ಟವನು ನಾನು. ಆ ಆರು ವಾರದಲ್ಲಿ ನಾನು ಹೊಸ್ತಿಲಿನ ಚರಿತ್ರೆ ಓದಿದೆ.

ಹೊಸ್ತಿಲು ಎರಡು ಕೆಲಸ ಮಾಡುತ್ತೆ

ಮೊದಲು ಸರಳವಾದ ಮಾತು. ಹೊಸ್ತಿಲು ತಡೆಯಬೇಕು, ಬಿಡಲೂಬೇಕು. ನೀರು, ಧೂಳು, ಹುಳ ಹುಪ್ಪಟೆಯನ್ನ ತಡೀಬೇಕು. ಮನುಷ್ಯರನ್ನ, ಗಾಳಿಯನ್ನ, ಬೆಳಕನ್ನ ಬಿಡಬೇಕು. ಸಂಸ್ಕೃತದಲ್ಲಿ ದೇಹಲೀದೀಪನ್ಯಾಯ ಅಂತ ಒಂದು ಮಾತಿದೆ. ಹೊಸ್ತಿಲ ಮೇಲಿಟ್ಟ ದೀಪ ಒಳಗೂ ಹೊರಗೂ ಬೆಳಕು ಕೊಡುತ್ತೆ ಅಂತ. ಹಿರಣ್ಯಕಶಿಪುವಿನ ಕತೆಯಲ್ಲಿ ನರಸಿಂಹ ಹೊಸ್ತಿಲನ್ನೇ ಆರಿಸಿಕೊಂಡದ್ದು ಯಾಕೆ? ಅದು ಒಳಗೂ ಅಲ್ಲ, ಹೊರಗೂ ಅಲ್ಲ. ಎರಡಕ್ಕೂ ಸೇರಿದ, ಎರಡಕ್ಕೂ ಸೇರದ ಜಾಗ.

ನಮ್ಮ ಹೈದರಾಬಾದಿನಲ್ಲಿ ನವಾಬರ, ಜಾಗೀರದಾರರ ದೊಡ್ಡ ಮನೆಗಳಿಗೆ ದೇವಡಿ ಅಂತಾರೆ. ಆ ಪದದ ಮೂಲ ಅರ್ಥ ಹೆಬ್ಬಾಗಿಲು, ಹೊಸ್ತಿಲ ಜಾಗ. ಬಾಗಿಲ ಹೆಸರೇ ಇಡೀ ಅರಮನೆಯ ಹೆಸರಾಯಿತು. ಯಾರನ್ನ ಒಳಗೆ ಬಿಡಬೇಕು, ಯಾರನ್ನ ಹೊರಗೆ ನಿಲ್ಲಿಸಬೇಕು ಅನ್ನೋದು ತೀರ್ಮಾನ ಆಗ್ತಿದ್ದದ್ದೇ ಅಲ್ಲಿ.

ಇನ್ನು ಮಡಚೋ ಬಾಗಿಲು. ಇದು ನಿನ್ನೆ ಮೊನ್ನೆಯದಲ್ಲ. ಇಟಲಿಯಲ್ಲಿ ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದು ಮುಚ್ಚಿಹೋದ ಊರುಗಳಲ್ಲಿ ಹರ್ಕ್ಯುಲೇನಿಯಂ ಒಂದು. ಅಲ್ಲಿ ಒಂದು ಮನೆಯಲ್ಲಿ ನಡುಮನೆಯನ್ನ ಎರಡು ಮಾಡೋ ಮರದ ಬಾಗಿಲು-ತಡಿಕೆ ಸುಟ್ಟು ಕರಕಲಾಗಿ ಹಾಗೇ ಉಳಿದಿದೆ. ಪಕ್ಕದ ಪಾಂಪೆಯ ಅಂಗಡಿಗಳ ಕಲ್ಲಿನ ಹೊಸ್ತಿಲುಗಳಲ್ಲಿ ಉದ್ದಕ್ಕೆ ಗಾಡಿ ಕೊರೆದಿದ್ದಾರೆ. ಆ ಗಾಡಿಯೊಳಗೆ ಒಂದೊಂದೇ ಹಲಗೆ ನಿಲ್ಲಿಸಿ ಅಂಗಡಿ ಮುಚ್ಚುತ್ತಿದ್ದರು.

ಇದನ್ನ ಓದಿದಾಗ ನನಗೆ ನೆನಪಾದದ್ದು ನಮ್ಮೂರ ಬಜಾರು. ಚಿಕ್ಕವನಿದ್ದಾಗ ಕಿರಾಣಿ ಅಂಗಡಿಯವರು ರಾತ್ರಿ ಹಲಗೆಗಳನ್ನ ಒಂದೊಂದಾಗಿ ಗಾಡಿಯೊಳಗೆ ಕೂಡಿಸುತ್ತಿದ್ದರು. ಹಲಗೆಯ ಮೇಲೆ ಒಂದು, ಎರಡು, ಮೂರು ಅಂತ ನಂಬರು ಬರೆದಿರುತ್ತಿತ್ತು. ಬೆಳಿಗ್ಗೆ ಹಲಗೆ ತೆಗೆದ ಮೇಲೆ ಅವರು ಮಾಡೋ ಮೊದಲ ಕೆಲಸ ಏನು ಗೊತ್ತಾ? ಕಡ್ಡಿಯಿಂದ ಆ ಗಾಡಿಯೊಳಗಿನ ಮಣ್ಣು ಕೆದರಿ ತೆಗೆಯೋದು. ಆಮೇಲೆ ನೀರು ಚಿಮುಕಿಸಿ, ಊದಿನಕಡ್ಡಿ. ಈಗ ನಮ್ಮ ಮಡಚೋ ಬಾಗಿಲಿನ ಕೈಪಿಡಿಯಲ್ಲಿ ಬರೆದಿರೋದೂ ಅದೇ: ಹಳಿಯನ್ನ ಕಸ ಇಲ್ಲದ ಹಾಗೆ ಇಡಿ.

ಜಪಾನಿನಲ್ಲಿ ಕಾಗದದ ಜಾರುಬಾಗಿಲುಗಳ ಕೆಳಗಿರೋ ಗಾಡಿ ಕೊರೆದ ಮರದ ಪಟ್ಟಿಗೆ ಶಿಕಿಯಿ ಅಂತಾರೆ. ಅದನ್ನ ತುಳಿಯಬಾರದು ಅನ್ನೋದು ಅಲ್ಲಿನ ಮಕ್ಕಳಿಗೆ ಮೊದಲು ಕಲಿಸೋ ಶಿಸ್ತು. ನಮ್ಮಲ್ಲೂ ಅಷ್ಟೇ ಅಲ್ವಾ? ಹೊಸ್ತಿಲ ಮೇಲೆ ಕೂರಬೇಡ, ಹೊಸ್ತಿಲು ತುಳಿಯಬೇಡ, ಹೊಸ್ತಿಲಲ್ಲಿ ನಿಂತು ಸೀನಬೇಡ. ದೇವರ ಮಾತು ಪಕ್ಕಕ್ಕಿಡಿ, ಬರೀ ಎಂಜಿನಿಯರ್ ಕಣ್ಣಿನಿಂದ ನೋಡಿ. ದಿನಾ ನೂರು ಸಲ ತುಳಿದರೆ ಮರ ಸವೆಯುತ್ತೆ, ನಡುವೆ ಕುಳಿ ಬೀಳುತ್ತೆ, ಬಾಗಿಲು ಕೂಡೋದಿಲ್ಲ. ನಿಯಮದ ಕಾರಣ ಮರೆತುಹೋದರೂ ನಿಯಮ ತನ್ನ ಕೆಲಸ ಮಾಡ್ತಾನೇ ಇತ್ತು.

ಪೂಜೆಯೂ ಹಾಗೇ. ನಮ್ಮ ಅಜ್ಜಿ ದಿನಾ ಬೆಳಿಗ್ಗೆ ಹೊಸ್ತಿಲು ತೊಳೆದು, ಅರಿಶಿನ ಹಚ್ಚಿ, ಎರಡೆಳೆ ರಂಗೋಲಿ ಹಾಕ್ತಿದ್ದಳು. ಅಂದರೆ ದಿನಕ್ಕೊಂದು ಸಲ ಒಬ್ಬ ಮನುಷ್ಯ ಕೂತು ಆ ಮರವನ್ನ ಕೈಯಿಂದ ಸವರಿ ನೋಡ್ತಿದ್ದ ಹಾಗಾಯ್ತು. ಬಿರುಕು ಬಿಟ್ಟಿದೆಯಾ, ಗೆದ್ದಲು ಹತ್ತಿದೆಯಾ, ಎಲ್ಲ ಮೊದಲು ಗೊತ್ತಾಗ್ತಿದ್ದದ್ದು ಅವಳಿಗೇ. ಬಸವಣ್ಣನವರ ಒಂದು ಪ್ರಸಿದ್ಧ ವಚನದಲ್ಲೂ ಮನೆಯ ಒಡೆಯ ಒಳಗಿದ್ದಾನೋ ಇಲ್ಲವೋ ಅಂತ ತಿಳಿಯೋಕೆ ಕಣ್ಣು ಮೊದಲು ಹೋಗೋದು ಹೊಸ್ತಿಲ ಕಡೆಗೇ. ಕಳೆ ಬೆಳೆದ ಹೊಸ್ತಿಲು ಅಂದರೆ ನೋಡ್ಕೊಳ್ಳೋರು ಇಲ್ಲದ ಮನೆ. ನಮ್ಮ ಕಡೆ ಮಾರ್ಗಶಿರ ಹುಣ್ಣಿಮೆಗೆ ಹೊಸ್ತಿಲ ಹುಣ್ಣಿಮೆ ಅಂತಲೇ ಹೆಸರು. ಗಾಣಗಾಪುರದಲ್ಲಿ ದತ್ತ ಜಯಂತಿ ನಡೆಯೋ ದಿನ. ಮಳೆಗಾಲ ಪೂರ್ತಿ ಮುಗಿದ ಮೇಲೆ ಬರೋ ಹುಣ್ಣಿಮೆ ಅದು ಅನ್ನೋದು ನನಗೆ ಈ ವರ್ಷವೇ ಹೊಳೆದದ್ದು.

ಊರಿಗೂ ಹೊಸ್ತಿಲಿರುತ್ತೆ

ಈಗ ದೊಡ್ಡ ಕತೆಗೆ ಬರೋಣ.

ಕೆರೆಗೆ ಹೊಸ್ತಿಲು ಯಾವುದು? ಕೋಡಿ. ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಏರಿಗೆ ಪೆಟ್ಟಾಗದ ಹಾಗೆ ಹೊರಗೆ ಹೋಗೋ ಕಲ್ಲುಕಟ್ಟಡದ ಜಾಗ. ತೆಲುಗಿನಲ್ಲಿ ಅಲುಗು ಅಂತಾರೆ. ಕೋಡಿ ತಗ್ಗಾದರೆ ಕೆರೆಯಲ್ಲಿ ನೀರು ನಿಲ್ಲೋದಿಲ್ಲ, ಬೇಸಿಗೆಗೆ ಪೈರು ಒಣಗುತ್ತೆ. ಕೋಡಿ ಎತ್ತರವಾದರೆ, ಇಲ್ಲಾ ಕಿರಿದಾದರೆ, ದೊಡ್ಡ ಮಳೆಗೆ ನೀರು ಏರಿಯ ಮೇಲೇ ಹತ್ತಿ ಕೆರೆ ಒಡೆಯುತ್ತೆ. ಒಂದು ಇಂಚಿನ ಜಗಳ ಅಲ್ಲೂ ಇದೆ. ಕನ್ನಡ, ತೆಲುಗು ನಾಡಿನ ಶಾಸನಗಳಲ್ಲಿ ಬಿತ್ತುವಟ್ಟ, ದಶವಂದ ಅನ್ನೋ ಮಾತುಗಳು ಬರುತ್ತವೆ. ಕೆರೆ ಕಟ್ಟಿದವರಿಗೆ, ಕೆರೆಯನ್ನ ನೋಡಿಕೊಳ್ಳೋದಕ್ಕೆ ಬಿಟ್ಟ ಭೂಮಿ, ಪಾಲು. ಅಂದರೆ ಕಟ್ಟೋ ದಿನವೇ ದುರಸ್ತಿಯ ಖರ್ಚಿಗೂ ದಾರಿ ಮಾಡ್ತಿದ್ದರು. ನಾನು ಬಾಗಿಲಿಗೆ ದುಡ್ಡು ಕೊಟ್ಟೆ, ನಿರ್ವಹಣೆಗೆ ಒಂದು ರೂಪಾಯಿಯನ್ನೂ ಎತ್ತಿಡಲಿಲ್ಲ.

1908ರಲ್ಲಿ ಮೂಸಿ ನದಿಯ ಜಲಾನಯನ ಸುಮಾರು 862 ಚದರ ಮೈಲಿ. ಅದರಲ್ಲಿ 788 ಕೆರೆಗಳು. ಹೆಚ್ಚುಕಮ್ಮಿ ಮೈಲಿಗೊಂದು ಕೆರೆ, ಕೆರೆಗೊಂದು ಕೋಡಿ. ಆ ವರ್ಷ ಸೆಪ್ಟೆಂಬರ್ ಕೊನೆಯಲ್ಲಿ ಮಳೆ ಹಿಡಿಯಿತು. ಇವತ್ತು ವಿಮಾನ ನಿಲ್ದಾಣ ಇರೋ ಶಂಷಾಬಾದಿನಲ್ಲಿ 24 ಗಂಟೆಯಲ್ಲಿ 12.8 ಇಂಚು ಮಳೆ ದಾಖಲಾಯಿತು. ಮೇಲಿನ ಕೆರೆ ಒಡೆದು ಅದರ ನೀರು ಕೆಳಗಿನ ಕೆರೆಗೆ ನುಗ್ಗಿತು, ಆ ಕೆರೆ ಅದರ ಕೆಳಗಿನದ್ದಕ್ಕೆ. ನಮ್ಮ ಸಾಫ್ಟ್‌ವೇರಿನಲ್ಲಿ ಒಂದು ಸರ್ವರ್ ಬಿದ್ದು ಅದರ ಹೊರೆ ಪಕ್ಕದ ಸರ್ವರಿಗೆ ಬಿದ್ದು ಅದೂ ಬೀಳುತ್ತಲ್ಲ, ಹಾಗೆ. ಒಟ್ಟು 221 ಕೆರೆಗಳು ಒಡೆದವು. ಸೆಪ್ಟೆಂಬರ್ 28ರಂದು ಆ ನೀರೆಲ್ಲ ಊರಿನ ನಡುವೆ ಬಂತು.

ಸುಮಾರು 15 ಸಾವಿರ ಜನ ಸತ್ತರು ಅನ್ನೋದು ಸಾಮಾನ್ಯವಾಗಿ ಹೇಳೋ ಲೆಕ್ಕ. ಅಫ್ಜಲ್ ಸೇತುವೆ, ಮುಸಲ್ಲಂ ಜಂಗ್ ಸೇತುವೆ, ಚಾದರ್‌ಘಾಟ್ ಸೇತುವೆ ಕೊಚ್ಚಿಹೋದವು. 1578ರಲ್ಲಿ ಕಟ್ಟಿದ ಪುರಾನಾ ಪುಲ್ ಉಳಿಯಿತು. ಇವತ್ತಿನ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿ ಒಂದು ಹುಣಸೆಮರ ಇದೆ. ಅವತ್ತು ಆ ಮರ ಹತ್ತಿ ಕೂತು ಸುಮಾರು 150 ಜನ ಜೀವ ಉಳಿಸಿಕೊಂಡರು. ನಾನು ಹೋಗಿ ನೋಡಿ ಬಂದೆ. ಅದರ ಕೆಳಗೆ ನಿಂತು ಮೇಲೆ ನೋಡಿದರೆ, ನೀರು ಎಲ್ಲಿವರೆಗೆ ಬಂದಿರಬೇಕು ಅನ್ನೋದು ಲೆಕ್ಕ ಹಾಕದೇ ತಿಳಿಯುತ್ತೆ.

ಆಗ ಹೈದರಾಬಾದ್ ಸರ್ಕಾರ ಕರೆಸಿದ್ದು ನಮ್ಮ ಮುದ್ದೇನಹಳ್ಳಿಯ ಎಂ. ವಿಶ್ವೇಶ್ವರಯ್ಯನವರನ್ನ. ಮುಂಬಯಿ ಸರ್ಕಾರದ ಕೆಲಸ ಬಿಟ್ಟು ಅವರು ವಿದೇಶ ಪ್ರವಾಸದಲ್ಲಿದ್ದರು. 1909ರಲ್ಲಿ ಇಲ್ಲಿಗೆ ಬಂದು ಮಳೆಯ ಲೆಕ್ಕ, ಕೆರೆಗಳ ಲೆಕ್ಕ, ನದಿಯ ಮಟ್ಟ ಎಲ್ಲ ಅಳೆದು ಅದೇ ವರ್ಷ ವರದಿ ಕೊಟ್ಟರು. ಅದರ ಸಾರ ಇಷ್ಟೇ: ಊರೊಳಗೆ ಗೋಡೆ ಎತ್ತರಿಸಿದರೆ ಮಾತ್ರ ಸಾಲದು, ಪ್ರವಾಹವನ್ನ ಊರಿನ ಮೇಲ್ಗಡೆಯೇ ಹಿಡಿದು ನಿಲ್ಲಿಸಿ ನಿಧಾನವಾಗಿ ಬಿಡಬೇಕು. ಮೂಸಿಗೆ ಒಂದು ಜಲಾಶಯ, ಅದರ ಉಪನದಿ ಈಸಿಗೆ ಇನ್ನೊಂದು. 1920ರಲ್ಲಿ ಮುಗಿದದ್ದು ಉಸ್ಮಾನ್ ಸಾಗರ, ನಾವೆಲ್ಲ ಗಂಡಿಪೇಟೆ ಅನ್ನೋದು. 1927ರಲ್ಲಿ ಮುಗಿದದ್ದು ಹಿಮಾಯತ್ ಸಾಗರ.

ಇಲ್ಲಿ ಒಂದು ಪದ ಗಮನಿಸಿ. ಅಣೆಕಟ್ಟಿನ ನಕ್ಷೆಯಲ್ಲಿ ಗೇಟು ಕೂರೋ ಕೆಳಗಿನ ಅಂಚಿಗೆ ಎಂಜಿನಿಯರುಗಳು ಸಿಲ್ ಅಂತಾರೆ. ಸಿಲ್ ಅಂದರೆ ಹೊಸ್ತಿಲೇ. ಬಾಗಿಲಿನ ಅಂಗಡಿಯವರೂ ಅದನ್ನೇ ಸಿಲ್ ಅಂತಾರೆ. ಒಂದೇ ವಸ್ತು, ಅಳತೆ ಬೇರೆ.

ವಿಶ್ವೇಶ್ವರಯ್ಯನವರು ಹೈದರಾಬಾದಿಗೆ ಬರೋ ಮುಂಚೆಯೇ ಈ ಒಂದು ಇಂಚಿನ ಜಗಳಕ್ಕೆ ಒಂದು ಉತ್ತರ ಕಂಡುಕೊಂಡಿದ್ದರು. ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿ 1903ರಲ್ಲಿ ಕೋಡಿಯ ಮೇಲೆ ತಾನಾಗಿಯೇ ತೆರೆದು ಮುಚ್ಚಿಕೊಳ್ಳೋ ಗೇಟುಗಳನ್ನ ಹಾಕಿಸಿದರು. ಮಾಮೂಲಿ ದಿನ ಗೇಟು ಮುಚ್ಚಿರುತ್ತೆ, ಕೋಡಿ ಎತ್ತರ ಇದ್ದ ಹಾಗೆ, ಹೆಚ್ಚು ನೀರು ನಿಲ್ಲುತ್ತೆ. ಪ್ರವಾಹ ಬಂದು ನೀರು ಗೊತ್ತಾದ ಮಟ್ಟ ದಾಟಿದರೆ ಗೇಟು ತಾನೇ ತೆರೆಯುತ್ತೆ, ಕೋಡಿ ತಗ್ಗಾದ ಹಾಗೆ. ತಡೆಯೋದಾ ಬಿಡೋದಾ ಅನ್ನೋ ಪ್ರಶ್ನೆಗೆ ಅವರ ಉತ್ತರ: ಎರಡೂ, ಆದರೆ ಹೊತ್ತು ನೋಡಿ.

ಆದರೆ ಉತ್ತರ ಒಂದು ಸಲ ಸಿಕ್ಕರೆ ಮುಗೀತು ಅಂತಲ್ಲ. ಗಂಡಿಪೇಟೆಯ ಪೂರ್ಣ ಮಟ್ಟ 1,790 ಅಡಿ, ಹಿಮಾಯತ್ ಸಾಗರದ್ದು 1,763.5 ಅಡಿ. ಕುಡಿಯೋ ನೀರಿಗೆ ಅಂತ ಪೂರ್ತಿ ತುಂಬಿಸಿಟ್ಟರೆ ಪ್ರವಾಹಕ್ಕೆ ಜಾಗ ಇಲ್ಲ. ಪ್ರವಾಹಕ್ಕೆ ಅಂತ ಖಾಲಿ ಇಟ್ಟರೆ ಬೇಸಿಗೆಗೆ ನೀರಿಲ್ಲ. 2020ರ ಅಕ್ಟೋಬರ್ 13ರ ರಾತ್ರಿ ಈ ಊರಲ್ಲಿದ್ದವರು ಮರೆಯಲ್ಲ. ಬೇಗಂಪೇಟೆಯಲ್ಲಿ ಒಂದು ದಿನಕ್ಕೆ ಸುಮಾರು 19 ಸೆಂ.ಮೀ. ಮಳೆ. ಹಿಮಾಯತ್ ಸಾಗರದ ಗೇಟು ತೆರೆದರು. ಪಲ್ಲೆ ಚೆರುವು, ಆಮೇಲೆ ಗುರ್ರಂ ಚೆರುವು ಒಡೆದು ಹಳೇ ಊರಿನ ದಕ್ಷಿಣದ ಬಡಾವಣೆಗಳಿಗೆ ನೀರು ನುಗ್ಗಿತು. 112 ವರ್ಷ ಆದ ಮೇಲೂ ಮತ್ತೆ ಕೆರೆ ಏರಿಗಳದ್ದೇ ಮಾತು. ಜಲಾಶಯ ಕಟ್ಟಿದರು ನಿಜ. ಅದರ ಕೆಳಗಿನ ಕೆರೆಗಳ ಕೋಡಿಯನ್ನ, ಕೋಡಿಯಿಂದ ಹೊರಡೋ ಕಾಲುವೆಯನ್ನ ದಿನಾ ಕೂತು ಸವರಿ ನೋಡೋ ಅಜ್ಜಿ ಇರಲಿಲ್ಲ.

ಮತ್ತೆ ನಮ್ಮ ಬಾಲ್ಕನಿಗೆ

ಈಗ ಲೆಕ್ಕ. ಗಾಳಿ ಗಂಟೆಗೆ 36 ಕಿ.ಮೀ. ವೇಗದಲ್ಲಿ ಬಾಗಿಲಿಗೆ ನೇರವಾಗಿ ಬಡಿದರೆ ಅದರ ಒತ್ತಡ ನೀರನ್ನ ಸುಮಾರು 6 ಮಿ.ಮೀ. ಮೇಲಕ್ಕೆ ತಳ್ಳುತ್ತೆ. ವೇಗ ಎರಡರಷ್ಟಾಗಿ 72 ಕಿ.ಮೀ. ಆದರೆ ನೀರು ಏರೋದು ಎರಡರಷ್ಟಲ್ಲ, ನಾಲ್ಕರಷ್ಟು: 24 ಮಿ.ಮೀ. ಹೆಚ್ಚುಕಮ್ಮಿ ಒಂದು ಇಂಚು! ಹಳೇ ಹೊಸ್ತಿಲಿನ ಒಂದು ಇಂಚಿನ ಗುಟ್ಟು ಇದೇ. ಒಂಬತ್ತನೇ ಮಹಡಿಯಲ್ಲಿ, ಪಶ್ಚಿಮಕ್ಕೆ ಮುಖ ಮಾಡಿದ ಬಾಗಿಲಿಗೆ, ಬಿರುಗಾಳಿ ಅಪರೂಪವಲ್ಲ. ನೆಲಕ್ಕೆ ಸಮವಾದ ಹಳಿಯಲ್ಲಿ ಆ ನೀರನ್ನ ತಡೆಯೋಕೆ ಏನೂ ಇರಲಿಲ್ಲ.

ಹಾಗಂತ ಒಂದು ಇಂಚಿನ ತಡೆ ಹಾಕಿದರೆ ವಾಕರ್‌ನವರು, ಗಾಲಿಕುರ್ಚಿಯವರು ದಾಟೋದು ಹೇಗೆ? ಬ್ರಿಟನ್ನಿನ ನಿಯಮದಲ್ಲಿ ಅಂಥವರಿಗೆ ಸುಲಭವಾದ ಹೊಸ್ತಿಲು 15 ಮಿ.ಮೀ. ಮೀರಬಾರದು. ಅಮೆರಿಕದಲ್ಲಿ ಅರ್ಧ ಇಂಚು. ಅಂದರೆ ಗಾಳಿ ಕೇಳೋದು 24, ಕಾಲು ಒಪ್ಪೋದು 15. ಈ ಒಂಬತ್ತು ಮಿಲಿಮೀಟರನ್ನ ಎಲ್ಲಿಂದ ತರೋದು?

ಉತ್ತರ ವಿಶ್ವೇಶ್ವರಯ್ಯನವರ ವರದಿಯಲ್ಲೇ ಇತ್ತು: ಊರ ಬಾಗಿಲಲ್ಲಲ್ಲ, ಊರಿನ ಮೇಲ್ಗಡೆ ಹಿಡಿ. ನೀರು ಬಾಗಿಲಿಗೆ ಬರೋ ಮುಂಚೆಯೇ ಅದಕ್ಕೆ ದಾರಿ ಮಾಡು. ನಾವು ಮಾಡಿಸಿದ್ದು ಇಷ್ಟು. ಬಾಲ್ಕನಿಯ ನೆಲ ಬಗೆದು, ಒಳಗಿನ ನೆಲಕ್ಕಿಂತ ತಗ್ಗು ಮಾಡಿ, ನೂರಕ್ಕೆ ಒಂದರ ಇಳಿಜಾರು ಹೊರಗಡೆಗೆ ಕೊಟ್ಟೆವು. ಬಾಗಿಲಿನ ಹೊರಗೆ ಉದ್ದಕ್ಕೆ ಒಂದು ಸಣ್ಣ ಕಾಲುವೆ, ಮೇಲೆ ಜಾಲರಿ. ಆ ಜಾಲರಿ ಒಳನೆಲದ ಮಟ್ಟಕ್ಕೇ ಇರೋದರಿಂದ ವಾಕರ್‌ಗೆ ತೊಂದರೆ ಇಲ್ಲ, ನೀರು ಮಾತ್ರ ಕೆಳಗೆ ಇಳಿಯುತ್ತೆ. ಹೊಸ್ತಿಲು 15 ಮಿ.ಮೀ., ಎರಡೂ ಕಡೆ ಓರೆ. ಮುಚ್ಚಿದಾಗ ಪಟ್ಟಿಯ ಅಡಿಯ ರಬ್ಬರ್ ಅದಕ್ಕೆ ಒತ್ತಿ ಕೂರುತ್ತೆ. ನಿಂತ ನೀರೇ ಇಲ್ಲದ ಮೇಲೆ ಗಾಳಿ ತಳ್ಳೋದಾದರೂ ಏನನ್ನ?

ಇನ್ನೊಂದು ವಿಷಯ ಆಗ ಬಯಲಾಯಿತು. ಹಳಿಯ ಹೊರಬದಿಯಲ್ಲಿ ನೀರು ಹೊರಗೆ ಹೋಗೋಕೆ ಸಣ್ಣ ಸಣ್ಣ ತೂತುಗಳಿರುತ್ತವೆ. ಹಳಿಯ ಕೋಡಿ ಅಂತಿಟ್ಟುಕೊಳ್ಳಿ. ಟೈಲ್ಸ್ ಹಾಕೋವಾಗ ಅವೆಲ್ಲ ಸಿಮೆಂಟಿನಿಂದ ಮುಚ್ಚಿಹೋಗಿದ್ದವು. ನಾನು ಒಂದು ದಿನವೂ ಬಗ್ಗಿ ನೋಡಿರಲಿಲ್ಲ.

ನೀವೂ ಇಂಥ ಬಾಗಿಲು ಹಾಕಿಸೋರಿದ್ದರೆ ಕೇಳಬೇಕಾದ ಪ್ರಶ್ನೆಗಳು ಇವು. ಬಾಗಿಲು ಯಾವ ದಿಕ್ಕಿಗಿದೆ, ಮಳೆಗಾಳಿ ಎಲ್ಲಿಂದ ಬರುತ್ತೆ? ಮೇಲೆ ಸಜ್ಜಾ ಇದೆಯಾ? ಪಟ್ಟಿಗಳ ಭಾರ ಹೊರೋದು ಮೇಲಿನ ತೊಲೆಯೋ, ಕೆಳಗಿನ ಹೊಸ್ತಿಲೋ? ಭಾರ ಕೆಳಗಿದ್ದರೆ ಹೊಸ್ತಿಲ ಅಡಿಯ ನೆಲ ಗಟ್ಟಿಯಾಗಿ, ಮಟ್ಟವಾಗಿ ಇರಲೇಬೇಕು, ಉರುಳೆಗಳ ದಾರಿಯಲ್ಲಿ ಮರಳಿನ ಒಂದು ಕಣವೂ ಇರಬಾರದು. ಭಾರ ಮೇಲಿದ್ದರೆ ತೊಲೆ ಬಗ್ಗದಷ್ಟು ಬಲವಾಗಿರಬೇಕು. ಮನೆಯಲ್ಲಿ ಯಾರು ದಾಟುತ್ತಾರೆ? ಮುಖ್ಯವಾಗಿ, ಬಂದ ನೀರು ಎಲ್ಲಿಗೆ ಹೋಗುತ್ತೆ?

ನಿರ್ವಹಣೆಯೂ ದೊಡ್ಡದಲ್ಲ. ವಾರಕ್ಕೊಮ್ಮೆ ಹಳಿಯ ಕಸ ಬ್ರಶ್ಶಿನಿಂದ ತೆಗೆಯಿರಿ. ಎಣ್ಣೆ ಹಾಕಬೇಡಿ, ಧೂಳು ಅಂಟಿ ಕೆಸರಾಗುತ್ತೆ. ಬೇಕಿದ್ದರೆ ಒಣಗಿ ನಿಲ್ಲೋ ಸಿಲಿಕೋನ್ ಸ್ಪ್ರೇ. ಮೃಗಶಿರಾ ಮಳೆ ಕೂಡೋ ಮುಂಚೆ ಒಂದು ಚೊಂಬು ನೀರು ಹಳಿಯೊಳಗೆ ಸುರಿದು ನೋಡಿ. ತೂತುಗಳಿಂದ ಹೊರಗೆ ಹರಿದರೆ ಸರಿ, ನಿಂತರೆ ಕಡ್ಡಿಯಿಂದ ಕೆದರಿ. ರಬ್ಬರ್ ಬಿರುಕು ಬಿಟ್ಟಿದ್ದರೆ ಬದಲಿಸಿ.

ನನ್ನ ಕೆಲಸದಲ್ಲಿ ದಿನಾ ಥ್ರೆಶೋಲ್ಡ್ ಅನ್ನೋ ಪದ ಬಳಸ್ತೀನಿ. ಯಾವ ಅಂಕೆ ದಾಟಿದರೆ ಎಚ್ಚರಿಕೆಯ ಗಂಟೆ ಹೊಡೀಬೇಕು ಅನ್ನೋದು. ತಗ್ಗಿಗಿಟ್ಟರೆ ರಾತ್ರಿಯೆಲ್ಲ ಸುಮ್ಮಸುಮ್ಮನೆ ಫೋನು, ಎತ್ತರಕ್ಕಿಟ್ಟರೆ ನಿಜವಾದ ಬೆಂಕಿ ಗೊತ್ತೇ ಆಗೋದಿಲ್ಲ. ಅದನ್ನ ಮೂರು ತಿಂಗಳಿಗೊಮ್ಮೆ ತಪ್ಪದೇ ಪರಿಶೀಲಿಸ್ತೀವಿ. ಆ ಪದದ ನಿಜ ಅರ್ಥ ಹೊಸ್ತಿಲು ಅನ್ನೋದು ಗೊತ್ತಿದ್ದೂ, ಮನೆಯ ಹೊಸ್ತಿಲನ್ನ ಮಾತ್ರ ಒಂದೇ ಮಾತಿನಲ್ಲಿ ತೀರ್ಮಾನ ಮಾಡಿ ಮರೆತುಬಿಟ್ಟಿದ್ದೆ.

ಅವ್ವನ ಕೈ ಕೂಡಿದೆ, ಸ್ವಲ್ಪ ಸೊಟ್ಟಗೆ. ರೊಟ್ಟಿ ಬಡಿಯೋವಾಗ ನೋಯುತ್ತೆ ಅಂತಾರೆ. ಈಗ ಶುಕ್ರವಾರ ಬೆಳಿಗ್ಗೆ ಸಣ್ಣ ಸ್ಟೂಲ್ ಹಾಕಿಕೊಂಡು ಆ 15 ಮಿಲಿಮೀಟರ್ ಅಲ್ಯೂಮಿನಿಯಂ ಪಟ್ಟಿಗೆ ಅರಿಶಿನ ಕುಂಕುಮ ಇಡ್ತಾರೆ. ಅದಕ್ಕೂ ಮುಂಚೆ ಊದಿನಕಡ್ಡಿಯ ಕಡ್ಡಿಯಿಂದ ಒಂದೊಂದೇ ತೂತು ಚುಚ್ಚಿ ನೋಡ್ತಾರೆ. ಹೋದ ವಾರ ಕರೆದು ತೋರಿಸಿದರು: "ಇದು ಒಂದು ಕಟ್ಟ್ಯದ ನೋಡು ತಮ್ಮಾ."

ನಿಮ್ಮೂರಿನ ಕೆರೆಯ ಕೋಡಿ ಈಗ ಹೇಗಿದೆ, ಯಾರು ನೋಡಿಕೊಳ್ತಾರೆ? ಗೊತ್ತಿದ್ದರೆ ಬರೀರಿ. ಮಳೆಗಾಲಕ್ಕೆ ಮುಂಚೆ ಒಂದು ಸಲ ಹೋಗಿ ನೋಡಿ ಬಂದು ಬರೆದರೆ ಇನ್ನೂ ಸಂತೋಷ.